ಓದಲು ಮಾತ್ರ

ಬಸವಪ್ರಸಾದ ತೆಗೆದ ಫೋಟೋಗಳು ಮೂರು ಕಡೆ ಹಂಚಿಹೋಗಿದ್ದವು. ಮದುವೆ, ಕುಬಸ, ಜವಳದ ಫೋಟೋಗಳೆಲ್ಲ ಮಿರಜಿನ ಮನೆಯ ಮುಂದಿನ ಖೋಲಿಯಲ್ಲಿದ್ದವು. ಅದೇ ಅವನ ಸ್ಟುಡಿಯೋ. ಅಲ್ಲಿ ಇಟ್ಟಿಗೆಯಷ್ಟು ದಪ್ಪದ ಒಂದು ಕಪ್ಪು ಡಿಸ್ಕಿನಲ್ಲಿ ಅವನ್ನು ತುಂಬಿಟ್ಟಿದ್ದ. ಅದಕ್ಕೂ ಹಿಂದಿನವು ಸಾಂಗ್ಲಿಯ ಮಾರ್ಕೆಟ್ ಯಾರ್ಡಿನಲ್ಲಿದ್ದ ಅಪ್ಪನ ಅರಿಷಿಣದ ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ಉಳಿದಿದ್ದವು. ಅಂಗಡಿಯಲ್ಲಿ ಕೂತು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಹಮಾಲರ ಮುಖಗಳನ್ನು ತೆಗೆಯುತ್ತಿದ್ದ ಕಾಲದವು ಅವು. ತನಗೇ ಬಹಳ ಹಿಡಿಸಿದ ಕೆಲವನ್ನು ಮಾತ್ರ ಅವನು ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಪಡೆದ ಜಾಗದಲ್ಲಿ ಇಟ್ಟಿದ್ದ. ಆ ಜಾಗ ಯಾವ ದೇಶದಲ್ಲಿದೆ ಎಂಬುದು ಅವನಿಗೂ ಗೊತ್ತಿರಲಿಲ್ಲ.

ಅವನು ಹೋಗಿ ಎರಡನೇ ವರ್ಷ ನಡೆದಿತ್ತು. ಸಾಂಗ್ಲಿ ರಸ್ತೆ, ಅವನ ಮೋಟಾರ್ ಸೈಕಲ್ಲು, ಎದುರಿಗೆ ಕಬ್ಬಿನ ಟ್ರ್ಯಾಕ್ಟರು. ಹೇಳುವುದಕ್ಕೆ ಅಷ್ಟೇ ಇತ್ತು. ಹೆಂಡತಿ ಕಾಂಚನ ಅಷ್ಟನ್ನೂ ಯಾರಿಗೂ ಹೇಳುತ್ತಿರಲಿಲ್ಲ. ಕೊಲ್ಹಾಪುರದಲ್ಲಿ ಎಂ.ಎಸ್ಸಿ. ಮಾಡಿದ್ದ ಅವಳು ಸಾಂಗ್ಲಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿ, ಮಧ್ಯಾಹ್ನದ ಬಸ್ಸಿಗೆ ಮಿರಜಿಗೆ ಮರಳುತ್ತಿದ್ದಳು. ಮನೆಯಲ್ಲಿ ಅತ್ತೆ ಸರುಬಾಯಿ, ಮಾವ ಗುರುಸಿದ್ಧಪ್ಪ. ಮೂವರಿಗೂ ಒಬ್ಬರ ಮೇಲೊಬ್ಬರಿಗೆ ಸಿಟ್ಟಿರಲಿಲ್ಲ. ಮಾತೂ ಬಹಳ ಇರಲಿಲ್ಲ.

ಬೇಸಿಗೆ ರಜೆಯಲ್ಲಿ ಅವಳು ಒಂದು ಕೆಲಸ ಹಚ್ಚಿಕೊಂಡಳು. ಗಂಡನ ಕಂಪ್ಯೂಟರನ್ನೇ ಸರ್ವರ್ ಮಾಡಿ, ಫೋಟೋಗಳನ್ನು ನೋಡಿಕೊಳ್ಳುವ ಒಂದು ತಂತ್ರಾಂಶ ಅದರಲ್ಲಿ ಹಾಕಿದಳು. ಎಲ್ಲೆಲ್ಲೋ ಇರುವ ಫೋಟೋಗಳನ್ನು ಒಂದೇ ಪರದೆಯ ಮೇಲೆ ತೋರಿಸುವುದು ಅದರ ಕೆಲಸ. ಅದು ಫೋಟೋಗಳನ್ನು ತನ್ನಲ್ಲಿಗೆ ತಂದುಕೊಳ್ಳುವುದಿಲ್ಲ. ಇಂಥಲ್ಲಿ ಇವೆ ಎಂದು ತೋರಿಸಿದರೆ ಹೋಗಿ ನೋಡಿ, ಪ್ರತಿಯೊಂದರ ಸಣ್ಣ ನೆರಳು ತಂದಿಟ್ಟುಕೊಂಡು, ಯಾವುದು ಎಲ್ಲಿದೆ ಎಂಬುದನ್ನು ನೆನಪಿಡುತ್ತದೆ. ಒಂದೇ ಮುಖ ಹತ್ತು ಕಡೆ ಕಂಡರೆ ಗುಂಪು ಮಾಡಿ, ಇವರು ಯಾರು ಎಂದು ಕೇಳುತ್ತದೆ. ಒಮ್ಮೆ ಹೆಸರು ಕೊಟ್ಟರೆ ಮುಂದೆ ಹೆಸರಿನಿಂದಲೇ ಹುಡುಕಿಕೊಡುತ್ತದೆ.

ಗುರುಸಿದ್ಧಪ್ಪ ಚಹಾದ ಬಸಿ ಹಿಡಿದು ಹಿಂದೆ ನಿಂತು ನೋಡುತ್ತಿದ್ದರು.

"ಅಂದರ ಫೋಟೋ ಇದರಾಗ ಇಲ್ಲ?"

"ಇಲ್ರಿ ಮಾವಾರ. ಅವು ಎಲ್ಲಿ ಅದಾವೋ ಅಲ್ಲೇ ಇರತಾವು. ಇದಕ್ಕ ಜಾಗಾ ಅಷ್ಟ ಗೊತ್ತು."

"ಹಂಗಾರ ಹರಿಪುರದ ಪೇವ ಇದ್ದಂಗ ಆತು," ಎಂದರು ಅವರು. ಹರಿಪುರದ ನದಿದಂಡೆಯ ಗಟ್ಟಿ ಮಣ್ಣಿನಲ್ಲಿ ಅಗೆದ ಆಳದ ಹಗೇವುಗಳಿಗೆ ಪೇವ ಎನ್ನುತ್ತಾರೆ. ಅರಿಷಿಣ ಅದರೊಳಗೆ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. "ಮಾಲು ಹರಿಪುರದಾಗ, ವ್ಯಾಪಾರ ಪ್ಯಾಟ್ಯಾಗ. ಕಣ್ಣೀಲೆ ನೋಡದ ಅರಿಷಿಣಾನ ನಮ್ಮಪ್ಪ ಬರೇ ಚೀಟಿ ಮ್ಯಾಲೆ ನಾಕ ಮಂದಿಗೆ ಮಾರತಿದ್ದ."

"ಎರಡ ಸಾವಿರದ ಐದರಾಗ ಹೊಳಿ ಬಂದು ಪೇವಿನ ಮಾಲೆಲ್ಲಾ ಅಂಬಲಿ ಆತು, ಅದನ್ನೂ ಹೇಳ್ರಿ," ಎಂದರು ಒಳಗಿನಿಂದ ಸರುಬಾಯಿ. "ಚೀಟಿ ಅಷ್ಟ ಒಣಗಿದ್ದು ಉಳೀತು."

ಮೂರು ಜಾಗಗಳನ್ನೂ ಕಾಂಚನ ಬೇರೆ ಬೇರೆ ರೀತಿಯಲ್ಲಿ ಜೋಡಿಸಬೇಕಾಯಿತು. ಬಾಡಿಗೆಯ ಜಾಗಕ್ಕೆ ಒಂದು ಉದ್ದನೆಯ ಗುಪ್ತ ಸಂಖ್ಯೆ ಬೇಕಿತ್ತು. ಬಸವಪ್ರಸಾದನ ಹಳೆಯ ಮೇಲ್‌ನಲ್ಲಿ ಅದು ಸಿಕ್ಕಿತು. ಅಂಗಡಿಯ ಕಂಪ್ಯೂಟರನ್ನು ಸಾಂಗ್ಲಿಯಿಂದ ನೆಟ್‌ವರ್ಕಿನಲ್ಲಿ ಎಳೆದುಕೊಂಡಳು. ಆದರೆ ಗುರುಸಿದ್ಧಪ್ಪ ಸಂಜೆ ಅಂಗಡಿಗೆ ಕೀಲಿ ಹಾಕುವಾಗ ಮೇನ್ ಸ್ವಿಚ್ಚನ್ನೇ ಆರಿಸಿ ಬರುತ್ತಿದ್ದರು. ತಂತ್ರಾಂಶ ರಾತ್ರಿ ಒಂದು ಸುತ್ತು ಹೋಗಿ ಎಲ್ಲ ಫೋಟೋಗಳೂ ಇದ್ದಲ್ಲೇ ಇವೆಯೇ ಎಂದು ನೋಡುತ್ತದೆ. ಮೊದಲ ದಿನವೇ ಅಂಗಡಿಯ ಕಡೆ ಏನೂ ಕಾಣದೆ, ಹಮಾಲರ ಫೋಟೋಗಳೆಲ್ಲ ಅಳಿಸಿಹೋದವು ಎಂದೇ ತಿಳಿದು ಅವನ್ನು ಕಸದ ಬುಟ್ಟಿಗೆ ಹಾಕಿಬಿಟ್ಟಿತ್ತು. ಬೆಳಿಗ್ಗೆ ಅಂಗಡಿ ತೆರೆದ ಮೇಲೆ ಕಾಂಚನ ಅವನ್ನು ತಿರುಗಿ ತಂದು, ಆ ಒಂದು ಜಾಗಕ್ಕೆ ಮಾತ್ರ, ಕಾಣದಿದ್ದರೆ ಸುಮ್ಮನೆ ಕಾಯಬೇಕು ಎಂಬ ಗುರುತು ಹಾಕಿದಳು. ಮನೆಯ ಡಿಸ್ಕಿಗೆ ಹಾಕಲಿಲ್ಲ. ಅದು ಮೇಜು ಬಿಟ್ಟು ಎಲ್ಲಿಗೂ ಹೋಗುವಂಥದ್ದಲ್ಲ.

ಆ ಡಿಸ್ಕನ್ನು ಜೋಡಿಸುವಾಗ ಸರ್ವರ್ ಒಂದು ಪ್ರಶ್ನೆ ಕೇಳಿತ್ತು. ಇದರಲ್ಲಿ ಓದಿ ಬರೆಯಬಹುದೇ, ಇಲ್ಲಾ ಓದಲು ಮಾತ್ರವೇ? ಓದಲು ಮಾತ್ರ ಎಂದು ಅವಳು ತಡಮಾಡದೆ ಉತ್ತರಿಸಿದ್ದಳು.

ಕಾರಣ ಅವಳೊಬ್ಬಳಿಗೇ ಗೊತ್ತು. ಫೋಲ್ಡರು ತೆರೆದರೆ ಪ್ರತಿ ಫೋಟೋದ ಹೆಸರಿನ ಮುಂದೆ ಅದನ್ನು ಕೊನೆಯದಾಗಿ ಬದಲಿಸಿದ ದಿನ, ಹೊತ್ತು ಕಾಣುತ್ತದೆ. ಅಷ್ಟೂ ಅವನು ಮುಟ್ಟಿದ ದಿನಗಳು. ಎಲ್ಲಕ್ಕೂ ಮೇಲೆ ಮಾಧವನಗರದ ಒಂದು ಮದುವೆ ಇತ್ತು. ಅದರ ಅರ್ಧದಷ್ಟು ಫೋಟೋಗಳ ಬಣ್ಣವನ್ನು ಅವನು ತಿದ್ದಿದ್ದ. ಅವುಗಳ ಮುಂದೆ ಅಪಘಾತದ ಹಿಂದಿನ ಸಂಜೆಯ ತಾರೀಖು ಇತ್ತು. ಒಂದಕ್ಕೂ ಇನ್ನೊಂದಕ್ಕೂ ಕೆಲವೇ ನಿಮಿಷಗಳ ಅಂತರ. ಕಾಂಚನ ಒಮ್ಮೊಮ್ಮೆ ಆ ಪಟ್ಟಿ ತೆರೆದು ಕೂರುತ್ತಿದ್ದಳು. ಫೋಟೋ ತೆರೆಯುತ್ತಿರಲಿಲ್ಲ. ಬರೆಯಲು ಬಿಟ್ಟರೆ ಯಾವುದೋ ಒಂದು ಕ್ಷಣದಲ್ಲಿ ಆ ತಾರೀಖುಗಳೆಲ್ಲ ಇವತ್ತಿನವಾಗುತ್ತವೆ. ಹಾಗೆ ಆಗಕೂಡದು.

ಹೆಸರು ಕೊಡುವ ಕೆಲಸಕ್ಕೆ ಸರುಬಾಯಿಯೇ ಕೂತರು. ಅವರಿಗೆ ಕಾಚಬಿಂದು, ಕಣ್ಣಿನ ಒತ್ತಡ ಏರಿ ದೃಷ್ಟಿ ಸವೆಯುವ ರೋಗ. ದೂರದೂರದ ಊರಿನವರು ಗಂಟುಮೂಟೆ ಕಟ್ಟಿಕೊಂಡು ದವಾಖಾನೆಗೆ ಬರುವ ಮಿರಜಿನಲ್ಲೇ ಇದ್ದು, ಮಗ ಹೋದ ವರ್ಷ ಅವರು ಕಣ್ಣಿನ ಹನಿಯನ್ನೂ ಹಾಕಿಕೊಳ್ಳದೆ ಬಿಟ್ಟಿದ್ದರು. ಹೋದ ದೃಷ್ಟಿ ಮರಳುವುದಿಲ್ಲ, ಇದ್ದುದು ಎಷ್ಟು ದಿನ ಎಂದು ಹೇಳಲಾಗುವುದಿಲ್ಲ ಎಂದು ಡಾಕ್ಟರು ಹೇಳಿದ ಮರುದಿನವೇ ಅವರು ಖುರ್ಚಿ ಎಳೆದುಕೊಂಡು ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತರು.

"ಮುಂದಿಂದು ಹಚ್ಚು. ಈಕಿ ಯಾರು... ಹಾಂ, ಕಾಡವ್ವ. ಜಟ್ಟೆಪ್ಪನ ಅಕ್ಕ. ಯಾವ ಮದುವಿಗೆ ಹೋದರೂ ಮೊದಲನೇ ಪಂಕ್ತಿಗೇ ಕುಂದರತಾಳ."

"ಕಾಡವ್ವ ಅಂತ ಬರಿಯಲ್ರಿ?"

"ಪಂಕ್ತೀದೂ ಬರಿ. ಹೆಸರಕಿಂತ ಅದ ಖರೆ."

"ಆಕಿ ನೋಡಿದರ?"

"ನೋಡಲಿ. ಎರಡನೇ ಪಂಕ್ತಿಗೆ ಕುಂದರೂದ ಕಲೀತಾಳ."

ಹಾಗೆ ಬೇಸಿಗೆಯೆಲ್ಲ ನಡೆಯಿತು. ಸರುಬಾಯಿ ಹೇಳಿದ್ದನ್ನು ಹೇಳಿದ ಹಾಗೇ ಕಾಂಚನ ಬರೆದಳು. ಲಿಂಗಾಯತರ ಮನೆಗಳು, ಜೈನರ ಮನೆಗಳು, ಅವರ ಬೀಗರು, ಬೀಗರ ಬೀಗರು. ಶ್ರಾವಣದ ಹೊತ್ತಿಗೆ ಪರದೆಯ ಮೇಲಿನ ಮುಖಗಳು ಸರುಬಾಯಿಗೆ ಬರೇ ಬಣ್ಣಗಳಾಗಿ ಕಾಣತೊಡಗಿದವು. ಗಣಪತಿ ಕಳಿಸುವ ಹೊತ್ತಿಗೆ ಕಿಟಕಿ ಎಲ್ಲಿದೆ ಎಂಬುದಷ್ಟೇ ಅವರಿಗೆ ತಿಳಿಯುತ್ತಿತ್ತು.

ಅದಾದ ಮೇಲೆ ಮಧ್ಯಾಹ್ನದ ಚಹಾ ಆದ ಕೂಡಲೇ ಅವರು ಕೇಳುತ್ತಿದ್ದರು: "ಯಾವುದರೆ ಒಂದು ಓದು." ಕಾಂಚನ ಒಂದು ಫೋಟೋ ತೆರೆದು, ಎಡದಿಂದ ಬಲಕ್ಕೆ ಹೆಸರುಗಳನ್ನು ಓದುತ್ತಿದ್ದಳು. ಮೂರು ಹೆಸರು ಬರುವುದರೊಳಗೆ ಸರುಬಾಯಿಗೆ ಇಡೀ ಮದುವೆ ಕಾಣುತ್ತಿತ್ತು. ಯಾರ ಸೀರೆ ಯಾವುದು, ಯಾರು ಯಾರೊಡನೆ ಮುನಿಸಿಕೊಂಡಿದ್ದರು, ಭಜಿ ಹೇಗೆ ಉಪ್ಪಾಗಿತ್ತು ಎಲ್ಲ. ಮುದುಕಿಯ ಪಾಲಿಗೆ ಮಗನ ಫೋಟೋಗಳು ಇನ್ನು ಆ ಹೆಸರುಗಳೇ. ಕಾಂಚನಳಿಗೆ ಅದು ಗೊತ್ತಿತ್ತು. ಆ ಹೆಸರುಗಳು ತಂತ್ರಾಂಶದ ನೆನಪಿನಲ್ಲಿ ಮಾತ್ರ ಇವೆ, ಫೋಟೋಗಳಲ್ಲಿ ಇಲ್ಲ ಎಂಬುದೂ ಗೊತ್ತಿತ್ತು. ಆ ನೆನಪಿನ ಒಂದು ನಕಲನ್ನು ದಿನವೂ ಡಿಸ್ಕಿನಲ್ಲಿ ಇಡಲು ತಂತ್ರಾಂಶ ಯತ್ನಿಸುತ್ತಿತ್ತು. ಬರೆಯಲು ಆಗದೆ, ಪರದೆಯ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ತೋರಿಸುತ್ತಿತ್ತು. ಬೇರೆ ಕಡೆ ಇಡು ಎಂದು ಹೇಳುವುದು ಎರಡು ನಿಮಿಷದ ಕೆಲಸ. ಕಾಂಚನ ಚುಕ್ಕೆ ನೋಡುತ್ತಿದ್ದಳು, ನಾಳೆ ಎಂದುಕೊಳ್ಳುತ್ತಿದ್ದಳು. ಎರಡು ವರ್ಷದಿಂದ ಬಹಳ ಕೆಲಸಗಳು ಹಾಗೇ ನಾಳೆಗೆ ಬಿದ್ದಿದ್ದವು.

ನವರಾತ್ರಿಯ ಕೊನೆಯ ದಿನಗಳಿಗೆ ಅವಳು ಸಾಂಗ್ಲಿಯ ತವರಿಗೆ ಹೋದಳು. ಉಡಿ ತುಂಬಿಸಿಕೊಳ್ಳಲು ಹೆಂಗಸರು ಮನೆಗೆ ಬರುವ ಹೊತ್ತು ಅದು. ತಾನಿದ್ದರೆ ಕುಂಕುಮದ ಬಟ್ಟಲು ತನ್ನ ಮುಂದೆ ಬಂದಾಗ ಏನು ಮಾಡಬೇಕು ಎಂಬುದು ಅವರಿಗೂ ತಿಳಿಯುವುದಿಲ್ಲ, ತನಗೂ ತಿಳಿಯುವುದಿಲ್ಲ. ದಶಮಿಯ ದಿನ ಬೆಳಿಗ್ಗೆ ಮಿರಜಿಗೆ ಮರಳಿದಳು.

ಅವಳ ಹಿಂದೆಯೇ ಪಕ್ಕದ ಊರು ಬೇಡಗದ ಕೇತನ ಬಂದ. ಅವನ ಅಜ್ಜ ಬಾಪೂಸಾಹೇಬ ಜೈನ ಮಂದಿಯಲ್ಲಿ ಹೆಸರಾದ ರೈತ. ಅವರ ಸಾಂಗ್ಲಿಯ ಮನೆಯಲ್ಲಿದ್ದ ಆಲ್ಬಮ್ಮುಗಳೆಲ್ಲ ಎರಡು ಸಾವಿರದ ಹತ್ತೊಂಬತ್ತರ ನೆರೆ ನೀರಿನಲ್ಲಿ ಮುದ್ದೆಯಾಗಿದ್ದವು. ಅಜ್ಜ ಹೋಗಿ ತಿಂಗಳಾಗಿತ್ತು. ಕಟ್ಟು ಹಾಕಿಸಲು ಬಸವಪ್ರಸಾದ ತೆಗೆದ ಒಂದು ಒಳ್ಳೆಯ ಫೋಟೋ ಬೇಕೆಂದು ಅವನು ಮೊದಲೇ ಹೇಳಿಟ್ಟಿದ್ದ.

"ಕಾಕೂ, ಸೋನಂ ಘ್ಯಾ, ಸೋನ್ಯಾಸಾರಖಂ ರಾಹಾ," ಎಂದು ಸರುಬಾಯಿಯ ಕೈಗೆ ಬನ್ನಿ ಎಲೆ ಇಟ್ಟು ಕಾಲಿಗೆ ಬಿದ್ದ.

"ಬಂಗಾರದಂಗ ಇರು ಅಂತ ಕನ್ನಡದಾಗ ಹೇಳಿದರ ಬಂಗಾರ ಕಡಿಮಿ ಆಗತೈತೇನೋ?"

"ತಿಳೀತೈತಿ ಕಾಕೂ. ಬಾಯಾಗ ಬರಂಗಿಲ್ಲ."

"ನಿಮ್ಮಜ್ಜನ ಬಾಯಾಗ ಬ್ಯಾರೇದ್ದ ಬರತಿದ್ದಿಲ್ಲ. ಎತ್ತಿಗೂ ಕನ್ನಡದಾಗ ಬೈತಿದ್ದ."

ಕಾಂಚನ ನಗದೆ ಕಂಪ್ಯೂಟರಿನ ಮುಂದೆ ಕೂತು 'ಬಾಪೂಸಾಹೇಬ' ಎಂದು ಹುಡುಕಿದಳು. ಏನೂ ಬರಲಿಲ್ಲ. ತಪ್ಪಿ ಹೊಡೆದೆನೇನೋ ಎಂದು ಮತ್ತೆ ಹುಡುಕಿದಳು. 'ಕಾಡವ್ವ' ಎಂದು ಹೊಡೆದಳು. ಅದೂ ಇಲ್ಲ. ಹೆಸರುಗಳ ಪುಟ ತೆರೆದಳು. ಅಂಗಡಿಯ ಹಮಾಲರಿದ್ದರು. ಬಾಡಿಗೆ ಜಾಗದ ಕೆಲವರಿದ್ದರು. ಉಳಿದ ಪುಟ ಖಾಲಿ. ಆಗ ಅವಳ ಕಣ್ಣು ಮೇಜಿನ ಮೇಲೆ ಹೋಯಿತು. ಧೂಳಿನ ನಡುವೆ ಇಟ್ಟಿಗೆಯಷ್ಟಗಲದ ಒಂದು ಚೊಕ್ಕ ಚೌಕ ಇತ್ತು.

"ಮಾವಾರ, ಡಿಸ್ಕ್ ಎಲ್ಲೈತಿ?"

"ದೇವರ ಜಗಲಿ ಮ್ಯಾಲೆ," ಎಂದರು ಗುರುಸಿದ್ಧಪ್ಪ ಒಳಗಿನಿಂದ. "ಪೂಜಿಗೆ ಕುಂತೈತಿ."

ಹಿಂದಿನ ದಿನ ಖಂಡೇನವಮಿ. ದುಡಿಯುವ ಆಯುಧಗಳನ್ನು ತೊಳೆದು, ಪೂಜೆ ಮಾಡಿ, ದಶಮಿಯ ತನಕ ಮುಟ್ಟದೆ ವಿಶ್ರಾಂತಿ ಕೊಡುವ ದಿನ. ಅಂಗಡಿಯಲ್ಲಿ ತಕ್ಕಡಿ, ಗೋಣಿ ಚುಚ್ಚಿ ಮಾದರಿ ತೆಗೆಯುವ ಕಬ್ಬಿಣದ ಸೂಜಿ ಎಲ್ಲಕ್ಕೂ ವಿಭೂತಿ ಹಚ್ಚಿ ಬಂದ ಗುರುಸಿದ್ಧಪ್ಪನವರಿಗೆ ಮನೆಯಲ್ಲಿ ಮಗನ ಆಯುಧವೂ ಇದೆ ಎಂದು ನೆನಪಾಗಿತ್ತು. ಕ್ಯಾಮೆರಾಗಳನ್ನು ಹಿಂದೆಯೇ ಕೊಟ್ಟಾಗಿತ್ತು. ಉಳಿದದ್ದು ಡಿಸ್ಕು. ಅದರ ವಾಯರು ಬಿಡಿಸಿ, ಒಣ ಬಟ್ಟೆಯಿಂದ ಒರೆಸಿ, ದೇವರ ಜಗಲಿಯ ಮೇಲೆ ಇಟ್ಟು ಪೂಜೆ ಮಾಡಿದ್ದರು. ಈಗ ಅದರ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ತಲೆಗೆ ಒಂದು ಚೆಂಡು ಹೂ.

"ಸರ್ವರ್ ಯಾಕ ಆರಸಲಿಲ್ರಿ?" ಕಾಂಚನ ಕೇಳಿದಳು. ಅದನ್ನೂ ಆರಿಸಿದ್ದರೆ ರಾತ್ರಿಯ ಸುತ್ತೇ ನಡೆಯುತ್ತಿರಲಿಲ್ಲ.

"ನಾ ಆರಸತಿದ್ದೆ. ನಿಮ್ಮತ್ತಿ ಬಿಡಲಿಲ್ಲ."

"ಹಸರ ದೀಪ ಹತ್ತೇತಿ ಅಂದ್ರಿ," ಎಂದರು ಸರುಬಾಯಿ. "ನವರಾತ್ರಿ ಘಟ್ಟ ಕುಂತಾಗ ಮನ್ಯಾಗ ಹತ್ತಿದ ದೀಪಾ ಆರಸತಾರೇನು?"

ದಿನವೂ ಅಂಗಡಿಯ ಮೇನ್ ಸ್ವಿಚ್ಚು ಆರಿಸುವ ಕೈ, ಆರಿಸಬೇಕಾದ ಒಂದು ರಾತ್ರಿ ಸುಮ್ಮನಿತ್ತು. ಸರ್ವರ್ ತನ್ನ ಪಾಡಿಗೆ ಸುತ್ತು ಹೋಗಿ, ಡಿಸ್ಕು ಇದ್ದ ಕಡೆ ಏನೂ ಕಾಣದೆ, ಎಲ್ಲ ಅಳಿಸಿಹೋಯಿತು ಎಂದುಕೊಂಡಿತ್ತು.

ಏನೋ ತಪ್ಪಾಗಿದೆ ಎಂದು ತಿಳಿದ ಗುರುಸಿದ್ಧಪ್ಪ ಕೈ ಮುಗಿದು ಡಿಸ್ಕನ್ನು ಎತ್ತಿ ತಂದು, ಕಾಂಚನ ಬೇಡ ಎನ್ನುವುದರೊಳಗೆ ವಾಯರನ್ನು ಕೈಗೆ ಸಿಕ್ಕ ಕಿಂಡಿಗೆ ಸಿಗಿಸಿಬಿಟ್ಟರು. ಡಿಸ್ಕಿನ ದೀಪ ಮಿಟುಕಿತು. ಪರದೆಯ ಮೇಲೆ ಫೋಟೋಗಳು ದಡದಡನೆ ಬರತೊಡಗಿದವು.

"ಬಂದಾವ ನೋಡು!" ಎಂದರು ಗುರುಸಿದ್ಧಪ್ಪ. "ಎಲ್ಲಾ ಅದಾವು."

ಎಲ್ಲ ಇದ್ದವು. ಪ್ರತಿ ಮುಖದ ಕೆಳಗೂ ಇವರು ಯಾರು ಎಂಬ ಪ್ರಶ್ನೆ ಇತ್ತು. ಬೇರೆ ಕಿಂಡಿಯಿಂದ ಬಂದ ಡಿಸ್ಕನ್ನು ಸರ್ವರ್ ಹೊಸ ಡಿಸ್ಕು ಎಂದುಕೊಂಡಿತ್ತು. ಅದೇ ಬಾಪೂಸಾಹೇಬ, ಅದೇ ಕಾಡವ್ವ, ಯಾರ ಪರಿಚಯವೂ ಅದಕ್ಕಿರಲಿಲ್ಲ.

"ಕೇತನ, ಉದ್ಯಾ ಯೇ," ಎಂದಳು ಕಾಂಚನ. ನಾಳೆ ಬಾ ಎಂದಷ್ಟೇ. ಅವನು ಅವಳ ಮುಖ ನೋಡಿ ಚಪ್ಪಲಿ ಮೆಟ್ಟಿಕೊಂಡ.

ಸರುಬಾಯಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. "ಏನಾತು? ಖರೆ ಹೇಳು."

"ಹೆಸರು ಹೋದಾವ್ರಿ ಅತ್ತ್ಯಾರ."

"ಎಷ್ಟು?"

"ಡಿಸ್ಕಿನಾಗ ಇದ್ದಾವ ಎಲ್ಲಾ."

ಸರುಬಾಯಿ ಬನ್ನಿ ಎಲೆಯನ್ನು ಬೆರಳುಗಳ ನಡುವೆ ತಿರುಗಿಸುತ್ತಿದ್ದರು. "ಮತ್ತ ಕೇಳಬ್ಯಾಡ ನನ್ನ," ಎಂದರು ಕೊನೆಗೆ. "ಈ ಸಲ ಕೇಳಿದರ ಬರೇ ಸುಳ್ಳ ಹೇಳತೇನಿ, ನೋಡು. ಮಂದೀನೆಲ್ಲಾ ಅದಲ ಬದಲ ಮಾಡಿ ಬಿಡತೇನಿ." ತಾವೇ ನಗಲು ನೋಡಿದರು. ಆಗಲಿಲ್ಲ. ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಕಾಂಚನ ಪಾಸ್‌ವರ್ಡನ್ನು ಎರಡು ಸಲ ತಪ್ಪಾಗಿ ಹೊಡೆದಳು. ಅದು ಅವಳಿಗೆ ವಿಚಿತ್ರವೆನಿಸಿತು. ಅಪಘಾತದ ದಿನ ಆಸ್ಪತ್ರೆಯಲ್ಲಿ ಸಹಿ ಮಾಡುವಾಗ ಕೂಡ ಒಂದಕ್ಷರ ತಪ್ಪಿರಲಿಲ್ಲ.

ಅವಳು ಮೊದಲು ರಾತ್ರಿಯ ಸುತ್ತನ್ನು ನಿಲ್ಲಿಸಿದಳು. ಆಮೇಲೆ ಕಸದ ಬುಟ್ಟಿ ತೆರೆದಳು. ಹಳೆಯ ನೆನಪುಗಳು ಅದರಲ್ಲೇ ಇದ್ದವು. ಕೆಲವು ದಿನ ಇಟ್ಟುಕೊಂಡು ಆಮೇಲೆ ಅಳಿಸುವುದು ಅದರ ಪದ್ಧತಿ. ಆದರೆ ಪ್ರತಿ ಹೆಸರೂ ಹಳೆಯ ಕಿಂಡಿಯ ವಿಳಾಸಕ್ಕೆ ಅಂಟಿಕೊಂಡಿತ್ತು. ಡಿಸ್ಕು ಆ ವಿಳಾಸದಲ್ಲಿ ಇಲ್ಲದಿದ್ದರೆ ಹೆಸರುಗಳಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಹೊಸದಾಗಿ ಬಂದ ಹೆಸರಿಲ್ಲದ ಗುಂಪನ್ನು ಅವಳು ನಿಧಾನವಾಗಿ ತೆಗೆದುಹಾಕಿದಳು. ಪ್ರತಿ ಡಿಸ್ಕಿಗೂ ತಯಾರಾಗುವಾಗಲೇ ಕೊಟ್ಟ ಒಂದು ಸ್ವಂತ ಗುರುತು ಇರುತ್ತದೆ. ಯಾವ ಕಿಂಡಿಗೆ ಹಾಕಿದರೂ ಅದು ಬದಲಾಗುವುದಿಲ್ಲ. ಇದನ್ನು ವಿದ್ಯಾರ್ಥಿಗಳಿಗೆ ಅವಳೇ ಪಾಠ ಮಾಡಿದ್ದಳು. ಮನೆಯಲ್ಲಿ ಮಾಡಿರಲಿಲ್ಲ. ಈಗ ಮಾಡಿದಳು. ಈ ಗುರುತಿನ ಡಿಸ್ಕು ಎಲ್ಲಿಂದ ಬಂದರೂ ಅದನ್ನು ಹಳೆಯ ಜಾಗದಲ್ಲೇ ಕೂರಿಸು ಎಂದು ಸರ್ವರಿಗೆ ಬರೆದಳು. ಕಾಣದಿದ್ದರೆ ಕಾಯಬೇಕು ಎಂಬ ಗುರುತನ್ನೂ ಹಾಕಿದಳು. ಆಮೇಲೆ ಬುಟ್ಟಿಯಲ್ಲಿದ್ದುದನ್ನು ತಿರುಗಿ ತರಲು ಹೇಳಿ, ಕೈ ಕಟ್ಟಿ ಕೂತಳು.

ಗುರುಸಿದ್ಧಪ್ಪ ಬಾಗಿಲ ಬಳಿ ನಿಂತೇ ಇದ್ದರು. "ನಾ ಇನ್ನ ಮುಟ್ಟಂಗಿಲ್ಲವಾ," ಎಂದರು. "ಅಂವನ ಆಯುಧ ಅಂತ ಮಾಡಿದೆ."

"ಕುಂದ್ರಿ ಮಾವಾರ. ತಪ್ಪು ನಿಮ್ದಲ್ಲ."

ಅವಳು ಸಮಾಧಾನಕ್ಕೆ ಹೇಳಿದ್ದಲ್ಲ. ಕೆಂಪು ಚುಕ್ಕೆ ಇನ್ನೂ ಮೂಲೆಯಲ್ಲೇ ಇತ್ತು.

ಅಡಿಗೆಮನೆಯಲ್ಲಿ ಕುಕ್ಕರ್ ಕೂಗಿ ತಣ್ಣಗಾದ ಮೇಲೆ ಮೊದಲ ಹೆಸರು ಬಂತು. ಆಮೇಲೆ ಒಂದರ ಹಿಂದೊಂದು. ಕಾಡವ್ವ ಪಂಕ್ತಿಯ ಸಮೇತ ಬಂದಳು. ಬಾಪೂಸಾಹೇಬ ಬಂದರು, ರುಮಾಲು ಸುತ್ತಿಕೊಂಡು, ಯಾರಿಗೋ ಬೈಯಲು ಬಾಯಿ ತೆರೆದು. ಕಾಂಚನ ಅವರ ಇನ್ನೊಂದು, ಬಾಯಿ ಮುಚ್ಚಿದ ಫೋಟೋ ಆರಿಸಿ ಕೇತನನಿಗೆ ಕಳಿಸಿದಳು. ಒಳಗೆ ಹೋಗಿ, "ಬಂದಾವ್ರಿ," ಎಂದಳು.

ಸರುಬಾಯಿ ಹಾಸಿಗೆಯ ಮೇಲೆ ಎದ್ದು ಕೂತರು. "ಎಲ್ಲಾ?"

"ಎಲ್ಲಾ."

"ಮತ್ತ ಹೋಗಂಗಿಲ್ಲ?"

ಕಾಂಚನ ಹಾಸಿಗೆಯ ಅಂಚಿಗೆ ಕೂತಳು.

"ಹೋಗತಾವ ಅನ್ನು," ಎಂದರು ಸರುಬಾಯಿ. "ಅಲ್ಲವಾ, ಹೆಸರಾ ಫೋಟೋದ ಮ್ಯಾಲೆ ಯಾಕ ಬರಿಯಲಿಲ್ಲ ನೀ? ನಮ್ಮಪ್ಪ ಪೆನ್ಸಿಲ್ಲಿಲೆ ಹಿಂದ ಬರದಿಡತಿದ್ದ. ಫೋಟೋ ಎಲ್ಲಿ ಹೋದರೂ ಹೆಸರು ಕೂಡ ಹೋಗತಿತ್ತು. ಇದರಾಗ ಬರಿಯಾಕ ಬರಂಗಿಲ್ಲೇನು?"

"ಬರತೈತ್ರಿ."

"ಮತ್ತ?"

ಎರಡು ವರ್ಷದಲ್ಲಿ ಯಾರಿಗೂ ಹೇಳದ್ದನ್ನು ಕಾಂಚನ ಆಗ ಹೇಳಿದಳು. ಬರೆದರೆ ತಾರೀಖು ಬದಲಾಗುತ್ತದೆ ಎಂದಳು. ಈಗ ಪ್ರತಿ ಫೋಟೋದ ಮುಂದೆ ಅವರು ಕೊನೆಗೆ ಮುಟ್ಟಿದ ದಿನ ಇದೆ, ಬರೆದರೆ ನಾನು ಮುಟ್ಟಿದ ದಿನ ಆಗುತ್ತದೆ ಎಂದಳು. ಹೇಳಿ ಮುಗಿಸಿದ ಮೇಲೆ, ಅದು ಎಷ್ಟು ಸಣ್ಣ ಮಾತು ಎಂದು ಅವಳಿಗೆ ನಾಚಿಕೆಯಾಯಿತು.

ಸರುಬಾಯಿಗೆ ಸಣ್ಣದೆನಿಸಿದಂತೆ ಕಾಣಲಿಲ್ಲ. "ಕಡೀದು ಯಾವುದು?"

"ಮಾಧವನಗರದ ಮದುವಿ. ಹಿಂದಿನ ದಿನಾ ಸಂಜೀಕ."

"ಅವತ್ತ ನಾ ಎರಡ ಸಲ ಉಣ್ಣಾಕ ಕರದೆ. ಬಂದೆ, ಬಂದೆ ಅಂದ. ಇದನ್ನ ಮಾಡಾಕತ್ತಿದ್ದನೇನು?"

"ಹೌದ್ರಿ."

"ರೊಟ್ಟಿ ಆರಿ ಹೋದಾವಂತ ಬೈದೆ," ಎಂದರು ಸರುಬಾಯಿ. ಕೈ ಚಾಚಿ ಸೊಸೆಯ ಮೊಣಕೈ ಹುಡುಕಿ ಹಿಡಿದುಕೊಂಡರು. "ತಾರೀಖ ಅಳಸು ಅನ್ನಲೋ, ಬ್ಯಾಡ ಅನ್ನಲೋ, ನನಗ ತಿಳೀವಲ್ದು. ನೀ ನೋಡವಾ."

ಆ ಮಧ್ಯಾಹ್ನ ಕಾಂಚನ ಪಟ್ಟಿ ತೆರೆದು ಕೂತಳು. ಬರೆದ ಮೇಲೆ ತಾರೀಖನ್ನು ಹಿಂದಕ್ಕೆ ತಿರುಗಿಸುವ ಉಪಾಯವೂ ಇತ್ತು. ಎರಡು ಸಾಲಿನ ಕೆಲಸ. ಆದರೆ ಆಮೇಲೆ ಅಲ್ಲಿ ಕಾಣುವುದು ಅವನ ಸಂಜೆಯಲ್ಲ, ಅವನ ಸಂಜೆಯೆಂದು ತಾನು ಬರೆದದ್ದು. ಇನ್ನೊಂದು ಡಿಸ್ಕು ತಂದು ನಕಲು ಮಾಡಿ, ನಕಲಿನ ಮೇಲೆ ಬರೆದುಕೊಂಡು, ಮೂಲವನ್ನು ಬೀರುವಿನಲ್ಲಿ ಇಟ್ಟುಬಿಡಬಹುದು. ಅದನ್ನೂ ಬಹಳ ಹೊತ್ತು ಯೋಚಿಸಿದಳು. ಬೀರುವಿನಲ್ಲಿ ಅವನ ಅಂಗಿಗಳಿದ್ದವು. ಇಟ್ಟ ಮೇಲೆ ಅವಳು ಒಮ್ಮೆಯೂ ತೆರೆದಿರಲಿಲ್ಲ.

ಆಗ ಒಂದು ವಿಷಯ ಅವಳಿಗೆ ಹೊಳೆಯಿತು. ಬೆಳಿಗ್ಗೆ ಪುಟ ಖಾಲಿಯಾಗಿ ಕಂಡಾಗ, ಬೆರಳು ತಪ್ಪಿದಾಗ, ಅವಳಿಗೆ ತಾರೀಖುಗಳ ನೆನಪೇ ಆಗಿರಲಿಲ್ಲ. ಡಿಸ್ಕು ಜಗಲಿಯಿಂದ ಬಂದಾಗ ಅವು ಸರಿಯಾಗಿವೆಯೇ ಎಂದು ಅವಳು ನೋಡಿರಲೂ ಇಲ್ಲ. ಹುಡುಕಿದ್ದು ಹೆಸರುಗಳನ್ನು.

ಅವಳು ಡಿಸ್ಕಿನ ಮೇಲಿದ್ದ ವಿಭೂತಿಯನ್ನು ಒರೆಸಲಿಲ್ಲ. ಸರ್ವರಿನಲ್ಲಿ ಆ ಒಂದು ಸಾಲನ್ನು ಹುಡುಕಿ, ಓದಲು ಮಾತ್ರ ಎಂಬುದನ್ನು ತೆಗೆದು, ಓದಲು ಮತ್ತು ಬರೆಯಲು ಎಂದು ಮಾಡಿದಳು. ಹೆಸರುಗಳನ್ನು ಫೋಟೋಗಳೊಳಗೇ ಬರೆಯಬೇಕೇ ಎಂದು ತಂತ್ರಾಂಶ ಕೇಳಿತು. ಹೌದು ಎಂದಳು. ಮೊದಲು ಬೇಡಗದ ಫೋಲ್ಡರುಗಳು ಹೋದವು, ಆಮೇಲೆ ಮಿರಜಿನವು. ಮಾಧವನಗರದ ಸರದಿ ಬಂದಾಗ ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಒಂದೊಂದೇ ಸಾಲು ಇವತ್ತಿನ ತಾರೀಖಿಗೆ ಹೊರಳಿತು. ಹೊರಗೆ ಯಾರೋ ಬನ್ನಿ ಕೊಡಲು ಬಂದು ಗುರುಸಿದ್ಧಪ್ಪನವರ ಹೆಸರು ಹಿಡಿದು ಕರೆಯುತ್ತಿದ್ದರು. ಮೂಲೆಯ ಕೆಂಪು ಚುಕ್ಕೆ ಯಾವಾಗ ಹೋಯಿತೋ ಅವಳು ಗಮನಿಸಲಿಲ್ಲ.

ಮರುದಿನ ಚಹಾ ಆದ ಮೇಲೆ ಸರುಬಾಯಿ ಬಂದು ಖುರ್ಚಿಯಲ್ಲಿ ಕೂತು, "ಮಾಧವನಗರದ್ದ ಓದು," ಎಂದರು.

ಕಾಂಚನ ಮೊದಲ ಫೋಟೋ ತೆರೆದಳು. ಹಂದರದ ಕೆಳಗೆ ಹೆಂಗಸರ ಒಂದು ಸಾಲು. ಹೆಸರುಗಳನ್ನು ಓದತೊಡಗಿದಳು. ನಾಲ್ಕನೆಯದಕ್ಕೆ ಬಂದಾಗ ಸರುಬಾಯಿ ಕೈ ಎತ್ತಿದರು.

"ತಡಿ. ಯಾರಂದಿ?"

"ಮಾಯವ್ವ."

"ಮಾಯವ್ವ ಆ ಮದುವಿಗೆ ಎಲ್ಲಿ ಬಂದಿದ್ಲು? ಬಚ್ಚಲದಾಗ ಜಾರಿ ಕಾಲ ಮುರಕೊಂಡು ಮಂಚಾ ಹಿಡದಿದ್ಲಲ್ಲ."

"ನೀವ ಹೇಳಿದ್ರಿ ಅತ್ತ್ಯಾರ. ನೀವು ಅಂದಂಗ ಬರದೇನಿ."

"ಹೇಳಿರಬೇಕು. ಸೀರಿ ಬಣ್ಣಾ ನೋಡಿ ಹೇಳೇನಿ, ಮಬ್ಬ ಕಣ್ಣೀಲೆ." ಸರುಬಾಯಿ ಮುಂದಕ್ಕೆ ಬಾಗಿದರು. "ಹೆಂಗದಾಳ? ಚಂದಂಗ ನೋಡಿ ಹೇಳು."

ಕಾಂಚನ ಫೋಟೋ ದೊಡ್ಡದು ಮಾಡಿದಳು. ಅದನ್ನು ಅವಳು ಅಲ್ಲಿಯವರೆಗೆ ಸರಿಯಾಗಿ ನೋಡಿರಲೇ ಇಲ್ಲ. ಸಂಜೆಯ ಬೆಳಕನ್ನು ಅವನು ಹೆಂಗಸರ ಮುಖದ ಮೇಲೆ ಸ್ವಲ್ಪ ಏರಿಸಿದ್ದ. ಹಿಂದಿನ ಹಂದರವನ್ನು ಕಪ್ಪಾಗಲು ಬಿಟ್ಟಿದ್ದ.

"ಗದ್ದದ ಮ್ಯಾಲೆ ಹಚ್ಚಿ ಬಟ್ಟ ಐತ್ರಿ. ಮೂಗಬಟ್ಟ ಇಲ್ಲ. ಸೆರಗಿಲೆ ಬಾಯಿ ಮುಚ್ಚಿಕೊಂಡು ನಗಾಕತ್ತಾಳ."

"ಬಾಯಿ ಮುಚ್ಚಿಕೊಂಡು? ಹಲ್ಲ ಮುಚ್ಚಿಕೋತಾಳ ಅಕಿ. ಮೊದಲ ನಮ್ಮ ಓಣ್ಯಾಗ ಇದ್ದ ಧನಶ್ರೀನ ಅವ್ವ."

"ಅಲ್ಲ, ಧನಶ್ರೀನ ಅತ್ತಿ," ಎಂದರು ಬಾಗಿಲಿನಿಂದ ಗುರುಸಿದ್ಧಪ್ಪ. "ಅವ್ವಗ ಹಲ್ಲ ಚಲೋ ಅದಾವು."

"ಮಂದಿ ಹೆಂಗಸರ ಹಲ್ಲ ನೋಡಕೋತ ಅಡ್ಡಾಡತಿದ್ರೇನು ನೀವು?"

ಗುರುಸಿದ್ಧಪ್ಪ ಒಳಗೆ ಬಂದು ಪರದೆಗೆ ಬಗ್ಗಿ ನೋಡಿದರು. "ಅತ್ತಿನ," ಎಂದರು. "ಆಣಿ ಮಾಡಿ ಹೇಳತೇನಿ."

"ಹೆಸರೇನ್ರಿ ಅಕೀದು?" ಕಾಂಚನ ಕೇಳಿದಳು.

ಇಷ್ಟು ವರ್ಷದಲ್ಲಿ ಅವಳ ಹೆಸರನ್ನು ಇಬ್ಬರೂ ಕೇಳಿರಲಿಲ್ಲ.

"ಧನಶ್ರೀಗ ಫೋನ ಹಚ್ಚಿ ಕೇಳು," ಎಂದರು ಸರುಬಾಯಿ.

ಕಾಂಚನ ಮಾಯವ್ವ ಎಂಬುದನ್ನು ಅಳಿಸಿ, ಆ ಜಾಗವನ್ನು ಖಾಲಿ ಬಿಟ್ಟು, ಫೋನು ಎತ್ತಿಕೊಂಡಳು.